ಟವೆಲ್ ಕೆಳಗಿನ ಬಡ್ಡಿ

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಷೋರೂಂ ಇದೆ. ಅದರ ಗಾಜಿನ ಮೇಲೆ ಆಳೆತ್ತರಕ್ಕೆ 7% ಅಂತ ಅಂಟಿಸಿದ್ದರು. ಅದರ ಕೆಳಗೆ ಇರುವೆ ಸಾಲಿನ ಹಾಗೆ ಇನ್ನೇನೋ ಬರೆದಿತ್ತು. ಅಪ್ಪ ಹೊರಗೇ ನಿಂತು ಅದನ್ನು ಎರಡು ಸಲ ಓದಿದರು.

"ಊರಲ್ಲಿ ಕೈಸಾಲ ತಗೊಂಡ್ರೆ ನೂರಕ್ಕೆ ಮೂರು ರೂಪಾಯಿ. ಅದೂ ತಿಂಗಳಿಗೆ. ಇಲ್ಲಿ ವರ್ಷಕ್ಕೇ ಏಳಂತೆ. ಇನ್ನೇನು ಬೇಕವ್ವ?"

ತಮ್ಮ ಅಷ್ಟರಲ್ಲಿ ಒಳಗೆ ಹೋಗಿ ಒಂದು ಟ್ರ್ಯಾಕ್ಟರ್ ಹತ್ತಿ ಕೂತಿದ್ದ. ಸ್ಟೇರಿಂಗ್ ತಿರುಗಿಸಿ ನೋಡ್ತಿದ್ದ. ಸೇಲ್ಸ್ ಹುಡುಗ ಅಪ್ಪನನ್ನು "ಯಜಮಾನ್ರೇ" ಅಂದ, ತಮ್ಮನನ್ನು "ಬ್ರದರ್" ಅಂದ, ನನಗೆ ಒಂದು ಕುರ್ಚಿ ಎಳೆದು ಕೊಟ್ಟು ಟೀ ತರಿಸಿದ. ಬೆಲೆ ಹೇಳುವಾಗ ಮಾತ್ರ ಅವರಿಬ್ಬರ ಮುಖ ನೋಡಿಯೇ ಹೇಳಿದ. ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಹದಿನೈದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಅದು ಅವನಿಗೆ ಹೇಗೆ ಗೊತ್ತಾಗಬೇಕು ಪಾಪ.

45 ಎಚ್‌ಪಿ ಗಾಡಿ. ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಎಲ್ಲ ಸೇರಿ 7,60,000. ಕೈಯಿಂದ 1,60,000 ಕಟ್ಟಿದರೆ ಉಳಿದ ಆರು ಲಕ್ಷ ಫೈನಾನ್ಸ್. ಐದು ವರ್ಷ, ಆರು ತಿಂಗಳಿಗೊಂದು ಕಂತು, ಕಂತಿಗೆ 81,000. "ಇವತ್ತು ಆಧಾರ್ ಕೊಟ್ರೆ ಗುರುವಾರ ಗಾಡಿ ಮನೆ ಮುಂದೆ ಇರುತ್ತೆ ಯಜಮಾನ್ರೇ." ಕೂಡಲೇ ಒಂದು ಕೀಚೈನ್ ತೆಗೆದು ಅಪ್ಪನ ಕೈಗಿಟ್ಟ. ಅಪ್ಪ ಅದನ್ನು ಮೇಲಿನ ಜೇಬಿಗೆ ಹಾಕಿಕೊಂಡರು. ಗಾಡಿ ಅರ್ಧ ಕೊಂಡಾಯ್ತು ಅನ್ನುವ ಹಾಗೆ.

ನಾನು ಕೊಟೇಷನ್ ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು, ಯೋಚನೆ ಮಾಡಿ ಹೇಳ್ತೀವಿ ಅಂದೆ. ಮೂವರಿಗೂ ನನ್ನ ಮೇಲೆ ಸ್ವಲ್ಪ ಬೇಜಾರಾಯಿತು.

ನಮಗೆ ಯಾಕೆ ಟ್ರ್ಯಾಕ್ಟರು ಅನ್ನೋದನ್ನು ಮೊದಲು ಹೇಳಬೇಕು. ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಸಣ್ಣ ಊರು. ಅಪ್ಪ ಉಳುವುದು ನಾಲ್ಕು ಎಕರೆ. ರಾಗಿ, ಸಾಲಲ್ಲಿ ಅವರೆ, ಬದುವಿನ ಕಡೆ ಒಂದಿಷ್ಟು ತೊಗರಿ. ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಯಾವತ್ತೂ ಇರಲಿಲ್ಲ. ಊರಿಗೆ ಮೊದಲು ಬಂದದ್ದು ಪಟೇಲರ ಮನೆಯ ಎಚ್‌ಎಂಟಿ. ಬೆಂಗಳೂರಿನವರಿಗೆ ಎಚ್‌ಎಂಟಿ ಅಂದರೆ ವಾಚು, 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಕಾರ್ಖಾನೆ. ಅದೇ ಕಂಪನಿ 1971ರಿಂದ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರೂ ಮಾಡುತ್ತಿತ್ತು ಅಂದರೆ ನನ್ನ ಆಫೀಸಿನಲ್ಲಿ ಯಾರೂ ನಂಬಲ್ಲ. 2016ರಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು. ಪಟೇಲರ ಮನೆಯ ಗಾಡಿ ಈಗಲೂ ಹುಣಸೆಮರದ ಕೆಳಗೆ ನಿಂತಿದೆ, ಕೋಳಿಗಳು ಮಲಗುತ್ತವೆ.

ಎತ್ತು ಮಾರಿದ ಮೇಲೆ ಅಪ್ಪ ಬಾಡಿಗೆ ಟ್ರ್ಯಾಕ್ಟರನ್ನೇ ನಂಬಿದವರು. ನಾಲ್ಕು ಎಕರೆಗೆ ವರ್ಷಕ್ಕೆ ಹೆಚ್ಚೆಂದರೆ ನಲವತ್ತು ಗಂಟೆ ಕೆಲಸ. ನಮ್ಮ ಕಡೆ ಈಗ ಗಂಟೆಗೆ ಸಾವಿರ ರೂಪಾಯಿ. ನಲವತ್ತು ಸಾವಿರಕ್ಕೆ ಮುಗಿಯುವ ಕೆಲಸಕ್ಕೆ ಏಳೂವರೆ ಲಕ್ಷದ ಗಾಡಿ ಯಾಕೆ? ನಾನೂ ಇದನ್ನೇ ಕೇಳಿದ್ದೆ. ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, 2014-15ರಿಂದ ಸರ್ಕಾರವೇ ಬಾಡಿಗೆಗೆ ಯಂತ್ರ ಕೊಡುವ ವ್ಯವಸ್ಥೆ ಮಾಡಿದೆ, ಅಲ್ಲಿ ತಗೊಳ್ಳಿ ಅಂದೆ.

"ಹದ ಅನ್ನೋದು ನಿನ್ನ ಆಫೀಸಿನ ಟೈಮಿಗೆ ಬರಲ್ಲ ಕಣವ್ವ" ಅಂದರು ಅಪ್ಪ.

ಅದು ನಿಜ. ಮಳೆ ಬಿದ್ದ ಮೇಲೆ ನಮ್ಮ ಕೆಂಪು ಮಣ್ಣಿನಲ್ಲಿ ಹದ ನಿಲ್ಲೋದು ಎರಡು ಮೂರು ದಿನ. ಆ ಎರಡು ಮೂರು ದಿನದಲ್ಲಿ ಊರವರೆಲ್ಲ ಅದೇ ಟ್ರ್ಯಾಕ್ಟರಿನ ಡ್ರೈವರಿಗೆ ಫೋನ್ ಮಾಡ್ತಾರೆ. ಹತ್ತು ಎಕರೆ ಇರುವವನ ಹೊಲಕ್ಕೆ ಅವನು ಮೊದಲು ಹೋಗ್ತಾನೆ. ಯಾಕೆ ಹೋಗಬಾರದು? ನಾಲ್ಕು ಎಕರೆಯವನ ಸರದಿ ಬರುವಾಗ ಮಣ್ಣು ಹೆಂಟೆ ಕಟ್ಟಿರುತ್ತದೆ. ಹೋದ ವರ್ಷ ನಮ್ಮ ರಾಗಿ ಬಿತ್ತನೆ ಹನ್ನೆರಡು ದಿನ ತಡವಾಯಿತು. ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಕಣದಲ್ಲಿ ರಾಗಿಗಿಂತ ಹುಲ್ಲೇ ಜಾಸ್ತಿ ಇತ್ತು.

ಇನ್ನೊಂದು ಕಾರಣ ತಮ್ಮ. ಆರು ವರ್ಷ ದೇವನಹಳ್ಳಿ ಏರ್‌ಪೋರ್ಟಿಗೆ ಕ್ಯಾಬ್ ಓಡಿಸಿದವನು. ಲಾಕ್‌ಡೌನ್ ಕಳೆದ ಮೇಲೆ ಮೂರು ಕಂತು ಬಾಕಿ ಬಿತ್ತು. ಒಂದು ದಿನ ಬೆಳಗಿನ ಜಾವ ಫೈನಾನ್ಸ್‌ನವರು ಬಂದು ಕಾರು ಸೀಜ್ ಮಾಡಿಕೊಂಡು ಹೋದರು. ಹಿಂದಿನ ಸೀಟಿನಲ್ಲಿ ಅವನ ಮಗಳ ಸ್ಕೂಲ್ ಬ್ಯಾಗ್ ಇತ್ತು. ಅದನ್ನು ವಾಪಸ್ ತರಲು ಅವನು ಎರಡು ಸಲ ಅವರ ಯಾರ್ಡಿಗೆ ಅಲೆದ. ಆಮೇಲೆ ಊರಿಗೇ ಹೋದ. ಸ್ವಂತ ಹೊಲ ಉಳುತ್ತೇನೆ, ಉಳಿದ ದಿನ ಬಾಡಿಗೆಗೆ ಹೋಗ್ತೇನೆ ಅಂತ ಅವನ ಲೆಕ್ಕ. ಮತ್ತೆ ಕಂತಿನ ಗಾಡಿ! ಆದರೆ ಓಡಿಸುವುದು ಬಿಟ್ಟು ಅವನಿಗೆ ಬೇರೆ ಕೆಲಸ ಬರಲ್ಲ, ಬಂದರೂ ಮಾಡಲ್ಲ.

ನವೆಂಬರಿನಲ್ಲಿ ಜಿಕೆವಿಕೆ ಕೃಷಿ ಮೇಳಕ್ಕೆ ಹೋದೆವು. ಬೆಂಗಳೂರಿನ ಅರ್ಧ ಜನ ಅಲ್ಲಿಗೆ ಗಿಡ ಕೊಳ್ಳಲು, ಮುದ್ದೆ ಊಟ ಮಾಡಲು ಬರ್ತಾರೆ. ತಮ್ಮ ಯಂತ್ರಗಳ ಸಾಲು ಬಿಟ್ಟು ಕದಲಲಿಲ್ಲ. ಅಪ್ಪ ಒಂದು ಪವರ್ ಟಿಲ್ಲರ್ ಮುಂದೆ ನಿಂತರು. ವಿಎಸ್‌ಟಿ ನಮ್ಮ ಬೆಂಗಳೂರಿನದೇ ಕಂಪನಿ, 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಶುರುವಾದದ್ದು. "ನಮಗೆ ಇದು ಸಾಕಲ್ವೇನೋ?" ಅಂದರು. ಟಿಲ್ಲರ್ ಹಿಂದೆ ನಡೆದು ನಡೆದು ಬಾಡಿಗೆ ಹೊಡೆಯೋಕಾಗಲ್ಲ ಅಂತ ತಮ್ಮ ಎಳೆದುಕೊಂಡು ಹೋದ.

ಎಷ್ಟು ಎಚ್‌ಪಿ ಬೇಕು ಅನ್ನೋ ಜಗಳದಲ್ಲಿ ನಾನು ಒಂದು ವಿಷಯ ಕಲಿತೆ. ಎಲ್ಲ ಕಂಪನಿಯ ಹತ್ತಿರವೂ 47, 49 ಎಚ್‌ಪಿಯ ಗಾಡಿ ಸಾಲುಸಾಲು. ಕಾರಣ ಹೊಗೆ. 2023ರ ಜನವರಿಯಿಂದ 50 ಎಚ್‌ಪಿ ದಾಟಿದ ಟ್ರ್ಯಾಕ್ಟರಿಗೆ ಹೊಗೆಯ ನಿಯಮ ಬಿಗಿಯಾಯಿತು. ಆ ಇಂಜಿನ್ನಿಗೆ ಖರ್ಚು ಜಾಸ್ತಿ. ಅದಕ್ಕೇ ಗೆರೆಯ ಈಚೆಗೇ ಎಲ್ಲರೂ ಗುಂಪು ಕಟ್ಟಿ ನಿಂತಿದ್ದಾರೆ. ನಮಗೆ ರೋಟವೇಟರ್ ಎಳೆದು, ಟ್ರೈಲರ್‌ನಲ್ಲಿ ಗೊಬ್ಬರ ಹೊತ್ತರೆ ಸಾಕು. 45ಕ್ಕೆ ನಿಂತೆವು. ಬೆಲೆಯೂ ಸ್ವಲ್ಪ ಇಳಿದಿತ್ತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಬಂತು. ಆ ದಿನವೇ ನವರಾತ್ರಿ ಶುರು. ಆಯುಧಪೂಜೆಗೆ ಊರಲ್ಲಿ ಮೂರು ಹೊಸ ಗಾಡಿಗೆ ಕುಂಬಳಕಾಯಿ ಒಡೆದರಂತೆ. ತಮ್ಮನಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆವತ್ತೇ ಇರಬೇಕು.

ಷೋರೂಮಿನಿಂದ ಬಂದ ರಾತ್ರಿ ನಮ್ಮ ಯಲಹಂಕದ ಮನೆಯಲ್ಲಿ ಊಟ ಆದ ಮೇಲೆ ಕೊಟೇಷನ್ ಬಿಚ್ಚಿದೆ. 81,000ದ ಕಂತು ಹತ್ತು ಸಲ. ಒಟ್ಟು 8,10,000. ಆರು ಲಕ್ಷಕ್ಕೆ ವರ್ಷಕ್ಕೆ ಏಳರಂತೆ 42,000. ಐದು ವರ್ಷಕ್ಕೆ 2,10,000. ಕೂಡಿದರೆ ಸರಿಯಾಗಿ ತಾಳೆ ಆಗುತ್ತದೆ. ಇದಕ್ಕೆ ಫ್ಲ್ಯಾಟ್ ಬಡ್ಡಿ ಅಂತಾರೆ.

ಅಪ್ಪನಿಗೆ ಅರ್ಥ ಮಾಡಿಸಲು ನಾನು ಎಕ್ಸೆಲ್ ತೆರೆದೆ. ಅವರು ಅದರ ಕಡೆ ನೋಡಲೂ ಇಲ್ಲ. ತಮ್ಮನೇ ಹೇಳಿದ: "ಅಪ್ಪ, ನೀನು ಮೂರು ಲಕ್ಷ ಅಸಲು ತೀರಿಸಿರ್ತೀಯ ಅಂದ್ಕೋ. ಆಗಲೂ ಬಡ್ಡಿ ಆರು ಲಕ್ಷಕ್ಕೇ ಬೀಳ್ತಾ ಇರುತ್ತೆ. ಕೊನೇ ಕಂತಿನವರೆಗೂ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅರ್ಧ ಅಸಲು ಕೊಟ್ಟ ಮೇಲೂ ಪೂರ್ತಿಗೆ ಬಡ್ಡಿನಾ? ನಮ್ಮೂರ ಬಡ್ಡಿ ಸಾವ್ಕಾರನೂ ಹಂಗೆ ಮಾಡಲ್ವಲ್ಲೋ."

ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರುತ್ತಿರಲಿಲ್ಲ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದ್ದರೆ ಎಷ್ಟಾಗುತ್ತಿತ್ತು ಅಂತ ತಿರುಗಿಸಿ ಲೆಕ್ಕ ಹಾಕಿದೆ. 81,000ದ ಹತ್ತು ಕಂತಿಗೆ ನಿಜವಾದ ದರ ವರ್ಷಕ್ಕೆ 11.7. ಹಾಳೆಯ ಹಿಂಬದಿ ನೋಡಿದರೆ ಪ್ರೊಸೆಸಿಂಗ್ ಫೀ, ಡಾಕ್ಯುಮೆಂಟ್ ಚಾರ್ಜು, ಸಾಲಗಾರನ ವಿಮೆ ಅಂತ 14,500 ಬೇರೆ ಇತ್ತು. ಸಾಲ ಕೊಡುವಾಗಲೇ ಅದನ್ನು ಮುರಿದುಕೊಳ್ತಾರೆ. ಅಂದರೆ ಕೈಗೆ ಬರೋದು 5,85,500, ಕಂತು ಮಾತ್ರ ಆರು ಲಕ್ಷದ್ದು. ಅದನ್ನೂ ಸೇರಿಸಿದರೆ 12.77. ಗಾಜಿನ ಮೇಲಿನ ಏಳು ನಮ್ಮ ಊಟದ ಟೇಬಲ್ಲಿಗೆ ಬರುವಷ್ಟರಲ್ಲಿ ಹನ್ನೆರಡೂ ಮುಕ್ಕಾಲು ಆಗಿತ್ತು.

ತಮ್ಮ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತ. ಅವನ ಕಾರಿನ ಸಾಲವೂ ಇದೇ ಥರದ್ದು. ಆಗ ನಾನು ಲೆಕ್ಕ ನೋಡಿರಲಿಲ್ಲ. ಅವನು ಕೇಳಿರಲೂ ಇಲ್ಲ, ನಾನಾಗಿ ಕೇಳಿರಲೂ ಇಲ್ಲ.

ಆವತ್ತು ಮಲಗುವ ಮುಂಚೆ ಅಪ್ಪ ಘಾಟಿ ಜಾತ್ರೆಯ ಕಥೆ ತೆಗೆದರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ತಾತ ಹಳ್ಳಿಕಾರ್ ಎತ್ತಿನ ಜೋಡಿ ಕೊಂಡದ್ದು. ಮೊದಲು ಹಲ್ಲು ಎಣಿಸಬೇಕು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿ ಕೂಡಿದ್ದೋ. ಆಮೇಲೆ ಸುಳಿ ನೋಡಬೇಕು. ನಡೆಸಿ ನೋಡಬೇಕು. ಎಲ್ಲ ಆದ ಮೇಲೆ ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಹಾಕುತ್ತಾನೆ. ವ್ಯಾಪಾರವೆಲ್ಲ ಅದರ ಕೆಳಗೆ. ಒಂದು ಬೆರಳು ಹಿಡಿದರೆ ಇಷ್ಟು, ಎರಡು ಹಿಡಿದರೆ ಇಷ್ಟು, ಬೆರಳು ಒತ್ತಿದರೆ ಒಪ್ಪಿಗೆ, ಕೈ ಎಳೆದುಕೊಂಡರೆ ಇಲ್ಲ. ಮುಖದಲ್ಲಿ ಏನೂ ತೋರಿಸಬಾರದು. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಗೊತ್ತಿರೋದು ಟವೆಲ್ ಕೆಳಗೆ ಕೈ ಇಟ್ಟವರಿಗೆ ಮಾತ್ರ.

"ಈ ಷೋರೂಂನೋರು ಉಲ್ಟಾ ನೋಡು" ಅಂದರು. "ಊರಿಗೆಲ್ಲ ಕಾಣೋ ಹಂಗೆ ಗಾಜಿನ ಮೇಲೆ ಬರೆದವ್ರೆ. ಕೈ ಕೊಟ್ಟೋನಿಗೆ ಮಾತ್ರ ಗೊತ್ತಾಗಲ್ಲ."

ಮಾರನೆಯ ವಾರ ತುಮಕೂರು ರಸ್ತೆಯ ಕಡೆ ಇನ್ನೊಂದು ಅಂಗಡಿಗೆ ಹೋದೆವು. ಅಲ್ಲಿ ಸೊನ್ನೆ ಬಡ್ಡಿ. ಅರ್ಧ ದುಡ್ಡು ಈಗ, ಉಳಿದ 3,80,000ವನ್ನು ಎರಡು ವರ್ಷದಲ್ಲಿ ನಾಲ್ಕು ಕಂತು. ಒಂದು ಪೈಸೆ ಬಡ್ಡಿ ಇಲ್ಲ. ನಾನು ಸುಮ್ನೆ ಕೇಳಿದೆ, ಪೂರ್ತಿ ನಗದು ಕೊಟ್ಟರೆ ಎಷ್ಟು ಅಂತ. ಅವರು ಒಳಗೆ ಹೋಗಿ ಬಂದು 7,20,000 ಅಂದರು. ಅಂದರೆ ಸಾಲ ತೆಗೆದುಕೊಳ್ಳುವವನಿಗೆ ಗಾಡಿಯೇ ನಲವತ್ತು ಸಾವಿರ ದುಬಾರಿ. ಆ ನಲವತ್ತು ಸಾವಿರವನ್ನು ಬಡ್ಡಿ ಅಂತ ಲೆಕ್ಕ ಹಾಕಿದರೆ ವರ್ಷಕ್ಕೆ 9.2 ಬಂತು. ನಿಜ ಹೇಳಬೇಕು ಅಂದರೆ ಇದು ಮೊದಲನೆಯದಕ್ಕಿಂತ ಒಳ್ಳೆಯದೇ. ಆದರೆ ನಮ್ಮ ಹತ್ತಿರ 3,80,000 ನಗದು ಎಲ್ಲಿತ್ತು? ಅಮ್ಮನ ಸರ ಅಡ ಇಟ್ಟರೂ ಅಷ್ಟಾಗುತ್ತಿರಲಿಲ್ಲ. 2013ರಲ್ಲೇ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿತ್ತು, ಸೊನ್ನೆ ಬಡ್ಡಿ ಅನ್ನುವಂಥದ್ದು ಇಲ್ಲವೇ ಇಲ್ಲ ಅಂತ. ಅದು ಟಿವಿ, ಫ್ರಿಜ್ಜಿನ ಕಂತಿನ ವಿಷಯದಲ್ಲಿ. ಸೊನ್ನೆ ಮಾತ್ರ ಆಮೇಲೂ ಗಾಜಿನ ಮೇಲೆ ಉಳಿಯಿತು.

ಇನ್ನು ಬ್ಯಾಂಕು. ನಮ್ಮ ತಾಲ್ಲೂಕಿನ ಬ್ಯಾಂಕಿನ ಮ್ಯಾನೇಜರು 9.75 ಅಂದರು. ಅಪ್ಪ ಹೊರಗೆ ಬಂದು, "ಏಳಕ್ಕಿಂತ ಜಾಸ್ತಿ ಆಯ್ತಲ್ಲ" ಅಂದವರು ತಕ್ಷಣ ತಾವೇ ನಕ್ಕರು. ಇದು ಉಳಿದ ಅಸಲಿನ ಮೇಲಿನ ಬಡ್ಡಿ. ಕಂತು 77,232. ಹತ್ತು ಕಂತಿಗೆ ಷೋರೂಮಿನದಕ್ಕಿಂತ ಹೆಚ್ಚುಕಮ್ಮಿ 38,000 ಉಳಿತಾಯ. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಬ್ಯಾಂಕಿನವರು ಪಹಣಿ ಕೇಳಿದರು. ನಮ್ಮ ಪಹಣಿಯಲ್ಲಿ ಈಗಲೂ ತಾತನ ಹೆಸರಿದೆ. ತಾತ ಹೋಗಿ ಹದಿನಾರು ವರ್ಷ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದು, ಆಗಿಲ್ಲ. ಆಗಬೇಕಾದರೆ ಅಪ್ಪ, ಚಿಕ್ಕಪ್ಪ, ಇಬ್ಬರು ಅತ್ತೆಯರು ಒಟ್ಟಿಗೆ ಕೂರಬೇಕು. ಅತ್ತೆಯರ ಹೆಸರು ಯಾಕೆ ಅಂತ ಊರಲ್ಲಿ ಈಗಲೂ ಕೇಳ್ತಾರೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟರು, 2005ರಲ್ಲಿ ದೇಶಕ್ಕೆಲ್ಲ ಬಂತು. ಅತ್ತೆಯರೇನೂ ಸಹಿಗೆ ಬೇಡ ಅನ್ನುವವರಲ್ಲ. ಕಷ್ಟ ಇರೋದು ಚಿಕ್ಕಪ್ಪನದು. ಎರಡು ಹೊಲದ ನಡುವಿನ ಬದುವಿನಲ್ಲಿ ಒಂದು ಹುಣಸೆಮರ ಇದೆ. ಅದರ ಹಣ್ಣು ಯಾರದು ಅಂತ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗಿ, ಅಣ್ಣ ತಮ್ಮಂದಿರು ಎಂಟು ತಿಂಗಳಿಂದ ಎದುರಾದರೆ ಮುಖ ತಿರುಗಿಸಿಕೊಂಡು ಹೋಗ್ತಾರೆ.

ಷೋರೂಮಿನ ಫೈನಾನ್ಸಿನವನಿಗೆ ಇದು ಯಾವುದೂ ಬೇಕಿರಲಿಲ್ಲ. ತಾತನ ಹೆಸರಿನ ಪಹಣಿಯ ಒಂದು ಪ್ರತಿ, ವಂಶವೃಕ್ಷ, ಒಬ್ಬ ಜಾಮೀನುದಾರ ಸಾಕು ಅಂದಿದ್ದ. ಅವನಿಗೆ ಅಡಮಾನ ಗಾಡಿಯೇ. ಕಂತು ತಪ್ಪಿದರೆ ಬೆಳಗಿನ ಜಾವ ಬಂದು ಎತ್ತಿಕೊಂಡು ಹೋಗ್ತಾನೆ, ಅಷ್ಟೇ. ಆಗ ನನಗೆ ಹೊಳೆಯಿತು. ಈ ಸಾಲದ ರುಚಿ ಇರೋದು ಬಡ್ಡಿಯಲ್ಲಿ ಅಲ್ಲವೇ ಅಲ್ಲ. ಇದು ಮನೆಯವರನ್ನು ಒಟ್ಟಿಗೆ ಕೂರಿಸಲ್ಲ. ಚಿಕ್ಕಪ್ಪನ ಮನೆ ಬಾಗಿಲಿಗೆ ಹೋಗು ಅನ್ನಲ್ಲ. ಆ 38,000 ರೂಪಾಯಿ ಚಿಕ್ಕಪ್ಪನ ಜೊತೆ ಮಾತಾಡದೇ ಇರೋದಕ್ಕೆ ನಾವು ಕೊಡುವ ದುಡ್ಡು.

ಲೆಕ್ಕ ಬರೆಯುವವಳಿಗೆ ಒಂದು ಎಳೆ ಸಿಕ್ಕರೆ ಬಿಡೋಕಾಗಲ್ಲ. ಮಾತಾಡದೇ ಇರೋದಕ್ಕೆ ನಾವು ಇನ್ನೂ ಏನೇನು ಕೊಡ್ತಿದ್ದೇವೆ ಅಂತ ಬರೆದು ನೋಡಿದೆ. ಸಹಕಾರ ಸಂಘ, ಪಿಎಲ್‌ಡಿ (ಭೂ ಅಭಿವೃದ್ಧಿ) ಬ್ಯಾಂಕುಗಳ ಮೂಲಕ ಕೊಡುವ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲಕ್ಕೆ ರಾಜ್ಯ ಸರ್ಕಾರ 3% ಬಡ್ಡಿ ಇಟ್ಟಿದೆ. 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 10ರಿಂದ 15 ಲಕ್ಷಕ್ಕೆ ಏರಿಸಿದರು. ಮೂರು! ಅರ್ಜಿ ಹಾಕೋಕೂ ಹೆಸರಿನಲ್ಲಿ ಜಮೀನು ಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ರೋಟವೇಟರಿಗೆ ಸಹಾಯಧನ ಕೇಳಬೇಕಾದರೆ ಸರ್ಕಾರದಲ್ಲಿ ರೈತ ಅಂತ ನೋಂದಾಯಿಸಿದ ಫ್ರೂಟ್ಸ್ ಐಡಿ ಬೇಕು, ಅದಕ್ಕೂ ಪಹಣಿ ಬೇಕು. ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886. ಅದಕ್ಕೆ ನೋಂದಾಯಿಸಲೂ ಅದೇ ಐಡಿ. ನಾವು ವರ್ಷವೂ ಮನೆ ಬಾಗಿಲಿಗೆ ಬರುವ ವ್ಯಾಪಾರಿಗೆ ಅವನು ಹೇಳಿದ ಬೆಲೆಗೆ ಹಾಕ್ತೇವೆ. ಒಂದು ಹುಣಸೆಮರದ ಹಣ್ಣು ವರ್ಷಕ್ಕೆ ಎಷ್ಟಕ್ಕೆ ಹೋಗುತ್ತೆ ಅಂತ ಅಪ್ಪನನ್ನು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಹೊದಿಕೆ ಎಳೆದುಕೊಂಡು ಮಲಗಿದರು.

ಇಷ್ಟೆಲ್ಲ ಗೊತ್ತಾದ ಮೇಲೂ ನಾವು ಷೋರೂಮಿಗೇ ವಾಪಸ್ ಹೋದೆವು. ಪೌತಿ ಖಾತೆ ಆಗೋವರೆಗೆ ಮುಂಗಾರು ಕಾಯಲ್ಲ. ಹದ ಅಂದಿದ್ದರಲ್ಲ ಅಪ್ಪ, ಸಾಲಕ್ಕೂ ಹದ ಇರುತ್ತೆ.

ಆದರೆ ಈ ಸಲ ನಾವು ಹಲ್ಲು ಎಣಿಸಿಕೊಂಡು ಹೋಗಿದ್ದೆವು. ಕೆಎಫ್‌ಎಸ್ ಕೊಡಿ ಅಂದೆ. ಸೇಲ್ಸ್ ಹುಡುಗ ನನ್ನ ಕಡೆ ಮೊದಲ ಸಲ ಸರಿಯಾಗಿ ನೋಡಿದ. 2024ರ ಅಕ್ಟೋಬರ್‌ನಿಂದ ಬ್ಯಾಂಕಾಗಲಿ, ಫೈನಾನ್ಸ್ ಕಂಪನಿಯಾಗಲಿ, ಇಂಥ ಸಾಲ ಕೊಡುವ ಮುಂಚೆ ಒಂದು ಮುಖ್ಯಾಂಶಗಳ ಹಾಳೆ ಕೊಡಬೇಕು, ಅದೇ ಕೆಎಫ್‌ಎಸ್. ಅದರಲ್ಲಿ ಫೀಸು, ವಿಮೆ ಎಲ್ಲ ಸೇರಿ ವರ್ಷಕ್ಕೆ ಬೀಳುವ ನಿಜವಾದ ದರ ಇರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಯೋಚನೆ ಮಾಡಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಹುಡುಗ ಒಳಗಿಂದ ಫೈನಾನ್ಸ್‌ನವನನ್ನು ಕರೆತಂದ. ಅವನು "ಅದೆಲ್ಲ ಸ್ಯಾಂಕ್ಷನ್ ಆದ್ಮೇಲೆ ಮೇಡಂ" ಅಂದ. ನಾನು ಟೀ ಕುಡಿಯುತ್ತಾ ಕೂತೆ. ಎರಡನೇ ಟೀ ಬರುವ ಹೊತ್ತಿಗೆ ಹಾಳೆ ಬಂತು. 12ರ ಮೇಲೆ ಒಂದು ಸಂಖ್ಯೆ, ಪಾಯಿಂಟ್ ಸಮೇತ. ಅಪ್ಪ ಅದರ ಮೇಲೆ ಬೆರಳಿಟ್ಟು ಗಾಜಿನ ಕಡೆ ನೋಡಿದರು. ಮಾತಾಡಲಿಲ್ಲ.

ಆಮೇಲಿನ ಮಾತುಕತೆ ಸಲೀಸಾಯಿತು. ಪ್ರತಿ ಸಾಲಕ್ಕೂ ಡೀಲರಿಗೆ ಫೈನಾನ್ಸಿನಿಂದ ಕಮಿಷನ್ ಬರುತ್ತೆ, ತಿಂಗಳ ಕೊನೆಗೆ ಟಾರ್ಗೆಟ್ ಇರುತ್ತೆ ಅನ್ನೋದನ್ನು ತಮ್ಮ ಕ್ಯಾಬ್ ಸ್ಟ್ಯಾಂಡಿನಲ್ಲೇ ಕಲಿತಿದ್ದ. ಅದಕ್ಕೇ ನಾವು 29ನೇ ತಾರೀಖು ಹೋಗಿದ್ದು. ಫ್ಲ್ಯಾಟ್ 7 ಇದ್ದದ್ದು 6.25ಕ್ಕೆ ಇಳಿಯಿತು. ಕಂತು 78,750 ಆಯಿತು. ಸಾಲಗಾರನ ವಿಮೆ ತೆಗೆಸಿದೆವು. ಬ್ಯಾಂಕಿಗಿಂತ ಇನ್ನೂ ಹದಿನೈದು ಸಾವಿರ ಜಾಸ್ತಿಯೇ, ಉಳಿದ ಫೀಸು ಬೇರೆ. ಸಹಿ ಹಾಕಿದ ಖಾಲಿ ಚೆಕ್ಕು ಆರು ಕೇಳಿದ್ದರು, ಎರಡಕ್ಕೆ ನಿಲ್ಲಿಸಿ ನಂಬರ್ ಬರೆಸಿಕೊಂಡೆವು.

ನಿಜವಾದ ಜಗಳ ಆಗಿದ್ದು ಕಂತಿನ ತಿಂಗಳಿಗೆ. ಅವರ ಹಾಳೆಯಲ್ಲಿ ಜೂನ್, ಡಿಸೆಂಬರ್ ಅಂತಿತ್ತು. ಜೂನಿನಲ್ಲಿ ಬೀಜ ಗೊಬ್ಬರ ಕೊಂಡು ಕೈ ಖಾಲಿ. ಡಿಸೆಂಬರಿನಲ್ಲಿ ರಾಗಿ ಕಣದಲ್ಲಿ ಇರುತ್ತೆ, ದುಡ್ಡಾಗಿರಲ್ಲ. ಬಾಡಿಗೆಯೂ ಅಷ್ಟೇ. ಉಳುವ ದಿನ ಯಾರೂ ದುಡ್ಡು ಕೊಡಲ್ಲ, "ಸುಗ್ಗಿಗೆ ನೋಡೋಣ" ಅಂತಾರೆ. ತಮ್ಮ ಫೆಬ್ರವರಿ, ಸೆಪ್ಟೆಂಬರ್ ಕೊಡಿ ಅಂದ. ಐದು ತಿಂಗಳು, ಏಳು ತಿಂಗಳ ಅಂತರ ಸಿಸ್ಟಂ ತಗೊಳ್ಳಲ್ಲ ಅಂದರು. ಹಾಗಾದರೆ ಫೆಬ್ರವರಿ, ಆಗಸ್ಟ್ ಅಂದ. ಅದನ್ನೂ ತಗೊಳ್ಳಲ್ಲ ಅಂದರು. ತಮ್ಮ ಎದ್ದು ನಿಂತು, "ಹಾಗಾದ್ರೆ ಬಿಡಿ ಸಾರ್, ಒಂದು ಗಾಡಿ ಕೊಟ್ಟು ಕಲ್ತಿದೀನಿ" ಅಂದ. ದೊಡ್ಡ ದನಿಯಲ್ಲೇನೂ ಅಲ್ಲ. ಯಾರಿಗೋ ಫೋನ್ ಹೋಯಿತು. ಸಿಸ್ಟಂ ತಗೊಂಡಿತು.

ನನಗೆ ಈಗಲೂ ಭಯ ಇದೆ. ಗಂಟೆಗೆ ಸಾವಿರ ಬಾಡಿಗೆ ಅಂದರೆ ನಾಲ್ಕೂವರೆ ಲೀಟರ್ ಡೀಸೆಲ್ಲಿಗೇ ನಾನೂರರ ಮೇಲೆ ಹೋಗುತ್ತೆ. ಆಯಿಲ್ಲು, ರಿಪೇರಿಗೆ ನೂರು ತೆಗೆದಿಟ್ಟರೆ ಉಳಿಯೋದು 490ರ ಸುತ್ತ. ವರ್ಷದ ಎರಡು ಕಂತಿಗೇ 320 ಗಂಟೆ ಬಾಡಿಗೆ ಬೇಕು. ಅದಾದ ಮೇಲೆ ಅವನ ಸಂಬಳ. ಊರಲ್ಲಿ ಆಗಲೇ ಏಳು ಟ್ರ್ಯಾಕ್ಟರ್ ಇವೆ. ನಮ್ಮದು ಎಂಟನೆಯದು. ಇದನ್ನು ಒಂದು ಚೀಟಿಯಲ್ಲಿ ಬರೆದು ತಮ್ಮನಿಗೆ ಕೊಟ್ಟೆ. ಅವನು ಅದನ್ನು ಡ್ಯಾಶ್‌ಬೋರ್ಡಿನ ಅವರ್ ಮೀಟರ್ ಪಕ್ಕ ಟೇಪ್ ಹಾಕಿ ಅಂಟಿಸಿದ. ಮೀಟರಿನಲ್ಲಿ ಆಗ ಎರಡು ಗಂಟೆ ತೋರಿಸುತ್ತಿತ್ತು.

ಗಾಡಿ ಊರಿಗೆ ಹೋಗುವಾಗ ಕತ್ತಲಾಗಿತ್ತು. ಅಪ್ಪ ಮಡ್‌ಗಾರ್ಡ್ ಮೇಲೆ ಕೂತಿದ್ದರು. ಬೇಡ ಅಂದರೂ ಕೇಳಲಿಲ್ಲ. ನಾನು ಹಿಂದೆ ಸ್ಕೂಟರಿನಲ್ಲಿ, ಗಂಟೆಗೆ ಇಪ್ಪತ್ತು ಕಿಲೋಮೀಟರಿನಲ್ಲಿ. ಹೂವಿನ ಹಾರ ಅರ್ಧ ದಾರಿಯಲ್ಲೇ ಉದುರಿ ಹೋಯಿತು. ನಮ್ಮ ಬೀದಿಗೆ ಹೋಗಬೇಕಾದರೆ ಚಿಕ್ಕಪ್ಪನ ಮನೆ ದಾಟಬೇಕು. ಚಿಕ್ಕಪ್ಪ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ತಮ್ಮ ವೇಗ ಹೆಚ್ಚಿಸಿದ. ಅಪ್ಪ ಅವನ ಭುಜ ತಟ್ಟಿ ನಿಲ್ಲಿಸಿದರು.

ಇಂಜಿನ್ ಆಫ್ ಆಯಿತು. ಚಿಕ್ಕಪ್ಪ ಎದ್ದು ಬಂದು ಗಾಡಿಯ ಸುತ್ತ ಒಂದು ಸುತ್ತು ಹೊಡೆದರು. ಟೈರ್ ಒದ್ದು ನೋಡಿದರು. ಅಪ್ಪನ ಮುಖ ನೋಡದೆ, ದೀಪದ ಕಡೆ ನೋಡುತ್ತಾ ಕೇಳಿದರು, "ಎಷ್ಟಕ್ಕೆ ಬಿತ್ತಣ್ಣ?"

ಅಪ್ಪ ಕೆಳಗಿಳಿದರು. ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹಾಕಿಕೊಂಡು ಮುಂದೆ ಚಾಚಿದರು. ಚಿಕ್ಕಪ್ಪ ಒಂದು ಗಳಿಗೆ ಹಾಗೇ ನಿಂತಿದ್ದು, ಬೀಡಿ ಬಿಸಾಕಿ ಕೈಯನ್ನು ಪಂಚೆಗೆ ಒರೆಸಿಕೊಂಡು ಟವೆಲ್ ಕೆಳಗೆ ಇಟ್ಟರು. ಎಷ್ಟು ಬೆರಳು ಹಿಡಿದರೋ ನನಗೆ ಕಾಣಲಿಲ್ಲ. ಇಬ್ಬರ ಮುಖದಲ್ಲೂ ಏನೂ ಇರಲಿಲ್ಲ.

"ಜಾಸ್ತಿ ಕೊಟ್ಬಿಟ್ಟೆ ಕಣಣ್ಣ" ಅಂದರು ಚಿಕ್ಕಪ್ಪ. ಆಮೇಲೆ ತಮ್ಮನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ನಮ್ಮ ಹೊಲಕ್ಕೊಂದು ಸಾಲು ಹೊಡ್ಕೊಡ್ಲಾ."

ತಮ್ಮ ಡ್ಯಾಶ್‌ಬೋರ್ಡಿನ ಚೀಟಿ ನೋಡಿದ. ನನ್ನನ್ನೂ ನೋಡಿದ. ಚಿಕ್ಕಪ್ಪನ ಹತ್ತಿರ ಬಾಡಿಗೆ ಕೇಳೋಕಾಗುತ್ತಾ?

"ಬರ್ತೀನಿ ಚಿಕ್ಕಪ್ಪ" ಅಂದ.